ವಿಶ್ರಾಂತಿಯ ಫೋಟೊ ಮತ್ತು ಅಮರಪ್ಪ ಸಾವ್ಕಾರರ ಸೀಟಿ

ಮಾನ್ಯ ಕಚೇರಿ ಮುಖ್ಯಸ್ಥರೇ,

ಈ ಕಥೆಯನ್ನು ಮೊದಲು ಹೇಳಿದವಳು ಸಿದ್ದಾಪುರದ ನಮ್ಮ ಅತ್ತಿಗೆ ಹೊಳಿಯಮ್ಮ. ಹೋದ ಶ್ರಾವಣದಲ್ಲಿ, ನಾಟಿ ಮುಗಿಸಿ ಕಾಲುವೆಯಲ್ಲಿ ಕಾಲು ತೊಳೆಯುತ್ತ. ಅದನ್ನೇ ನಾನು ಕಳೆದ ಸೋಮವಾರ ಕೊಪ್ಪಳದಲ್ಲಿ, ನಿಮ್ಮ ಕಚೇರಿಯ ಬೇವಿನ ಮರದ ಕೆಳಗೆ ಹೇಳಿದೆ. ಕೇಳುತ್ತ ಕುಳಿತಿದ್ದ ಗುಮಾಸ್ತೆ ಸುಮಂಗಲಾ ಅವರಿಗೆ ಸಂಜೆಯೊಳಗೆ ನಿಮ್ಮ ನೋಟಿಸ್ ಬಂತು. ವಿಶ್ರಾಂತಿ ತೆಗೆದುಕೊಂಡ ಫೋಟೊ ಹಾಕಲಿಲ್ಲವೆಂಬುದು ಅಪರಾಧ. ಏಳು ದಿನದಲ್ಲಿ ಒಪ್ಪುವಂಥ ಉತ್ತರ ಬರದಿದ್ದರೆ ಸೇವಾ ಪುಸ್ತಕದಲ್ಲಿ ಬರೆಯುತ್ತೀರಂತೆ. ವಿಶ್ರಾಂತಿಯಲ್ಲಿದ್ದಾಗಲೇ ವಿಶ್ರಾಂತಿ ತೆಗೆದುಕೊಂಡಿಲ್ಲವೆಂದು ಸಿಕ್ಕಿಬಿದ್ದವರು ಇವರೊಬ್ಬರೇ ಇರಬೇಕು.

ನಿಮ್ಮ ಆದೇಶದ ಹಿಂದಿನ ಮನಸ್ಸು ಒಳ್ಳೆಯದು. ಒತ್ತಡ ಕಡಿಮೆಯಾಗಲೆಂದು ದಿನಾ ಹನ್ನೊಂದೂವರೆಗೆ ಐದು ನಿಮಿಷ ಎಲ್ಲರೂ ಕಣ್ಣು ಮುಚ್ಚಿ, ಉಸಿರಿನ ಮೇಲೆ ಗಮನವಿಟ್ಟು ಕೂರಬೇಕು. ಸರಿ. ಆದರೆ ಹಾಗೆ ಕೂತ ಫೋಟೊವನ್ನು, ವೇಳೆ ಮತ್ತು ಜಾಗದ ಮುದ್ರೆ ಸಮೇತ, ಕಚೇರಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದೇಕೆ? ಪಹಣಿ ತಿದ್ದುಪಡಿಗೆಂದು ತಿಂಗಳಿಂದ ಅಲೆದ ನಾನು ಕಿಟಕಿಯಾಚೆ ನಿಂತು ಈ ಧ್ಯಾನವನ್ನು ಬೇಕಾದಷ್ಟು ನೋಡಿದ್ದೇನೆ. ಒಂದು ಕಣ್ಣು ಮುಚ್ಚಿರುತ್ತದೆ, ಇನ್ನೊಂದು ನೆಟ್‌ವರ್ಕ್ ಹುಡುಕುತ್ತಿರುತ್ತದೆ. ಸೋಮವಾರ ಹನ್ನೊಂದೂವರೆಗೆ ಸುಮಂಗಲಾ ಅವರು ನನ್ನ ಪಹಣಿಯನ್ನು ಮೂರನೆಯ ಸಲವೂ ತಪ್ಪಾಗಿ ಟೈಪ್ ಮಾಡಿ ಎದ್ದರು. ಮೊಬೈಲನ್ನು ಮೇಜಿನ ಮೇಲೆಯೇ ಬಿಟ್ಟು ಮರದ ಕೆಳಗಿನ ಕಲ್ಲಿಗೆ ಬಂದು ಕುಳಿತರು. ಟೈಪಿಸ್ಟ್ ಕವಿತಾ, ಜವಾನ ಕೃಷ್ಣ ತಮ್ಮ ತಮ್ಮ ಫೋಟೊ ಹಾಕಿ ಮುಗಿಸಿ ಜೊತೆಗೆ ಬಂದರು.

“ಕಣ್ಣು ಮುಚ್ಚಿ ಕುಂತ್ರ ಫೋಟೊ ಯಾರು ತೆಗೀಬೇಕ್ರಿ ಕಾಕಾ?” ಎಂದರು ಸುಮಂಗಲಾ. “ಒಂದ್ ಕಥಿ ಹೇಳ್ರಿ, ಸಾಕು.”

ಹೇಳಿದೆ. ನಮ್ಮೂರ ಅಮರಪ್ಪ ಸಾವ್ಕಾರರು ಗಂಗಾವತಿಯ ಯಾವುದೋ ಶಿಬಿರಕ್ಕೆ ಹೋಗಿ, ಆಳುಗಳಿಗೆ ಆಗಾಗ ವಿಶ್ರಾಂತಿ ಕೊಡಬೇಕೆಂದು ಕಲಿತು ಬಂದರು. ನಮ್ಮಲ್ಲಿ ನಾಟಿಯ ಹೆಂಗಸರು ಕೆಸರಿನಲ್ಲಿ ಹಿಂದಹಿಂದಕ್ಕೆ ಸರಿಯುತ್ತ ನೆಡುತ್ತಾರೆ. ಗುಂಪಿನ ಹಿರಿಯಳು ಸೊಂಟ ಬಿಗಿದಾಗ ನೆಟ್ಟಗೆ ನಿಲ್ಲುತ್ತಾಳೆ. ಉಳಿದವರೂ ಕೈಯೊಳಗಿನ ಸಸಿ ಮುಗಿಸಿ ನಿಲ್ಲುತ್ತಾರೆ, ದೂರ ನೋಡುತ್ತಾರೆ, ಮತ್ತೆ ಬಾಗುತ್ತಾರೆ. ಸಾವ್ಕಾರರಿಗೆ ಇದು ಅಶಿಸ್ತಾಗಿ ಕಂಡಿತು. ಒಂದು ಸೀಟಿ ಕೊಂಡು ತಂದು, ಬದುವಿನ ಮೇಲೆ ಕೊಡೆ ಹಿಡಿದು ಕೂತು, ಅರ್ಧ ಗಂಟೆಗೊಮ್ಮೆ ಊದಿದರು. ಊದಿದಾಗ ನಿಲ್ಲಲೇಬೇಕು, ನಡುವೆ ನಿಲ್ಲಕೂಡದು.

“ಸಾವ್ಕಾರ್ರ, ನಡ ನಮ್ದು, ಸೀಟಿ ನಿಮ್ದು. ಎರಡಕ್ಕೂ ಹೊಂದಿಕಿ ಹೆಂಗ ಆಗಬೇಕ್ರಿ?” ಎಂದು ಹೊಳಿಯಮ್ಮ ಕೇಳಿದಳಂತೆ.

ಅವರು ಉತ್ತರವಾಗಿ ಸೀಟಿ ಊದಿದರು. ಸೊಂಟ ನೋಯುವಾಗ ಎಲ್ಲರ ಕಿವಿ ಸೀಟಿಯ ಕಡೆ. ಸೀಟಿ ಬಂದಾಗ ಕೈಯಲ್ಲಿ ಅರ್ಧ ಕಟ್ಟು ಸಸಿ. ಬೆರಳು ಕೆಸರಿನ ಆಳಕ್ಕೆ ಇಳಿಯಲೇ ಇಲ್ಲ. ಮರುದಿನ ನೀರು ಬಿಟ್ಟರೆ ಅರ್ಧ ಗದ್ದೆಯ ಸಸಿ ಮೇಲೆದ್ದು ತೇಲಿ ಬಂದು, ಸಾವ್ಕಾರರ ಪಾದದ ಬಳಿ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು.

ನಿಮ್ಮನ್ನು ಅವರಿಗೆ ಹೋಲಿಸುತ್ತಿಲ್ಲ ಮಾನ್ಯರೇ. ಅವರ ಬಳಿ ಇದ್ದದ್ದು ಒಂದೇ ಸೀಟಿ, ನೀವು ಪ್ರತಿಯೊಬ್ಬರ ಕೈಗೂ ಒಂದೊಂದು ಕೊಟ್ಟಿದ್ದೀರಿ. ಆ ದಿನ ನಕ್ಕು ಒಳಗೆ ಹೋದ ಸುಮಂಗಲಾ, ಮೂರು ಸಲ ತಪ್ಪಾಗಿದ್ದ ನನ್ನ ಪಹಣಿಯನ್ನು ಒಂದೇ ಸಲಕ್ಕೆ ಸರಿಮಾಡಿ ಕೊಟ್ಟರು. ಅವರು ದಣಿವಾರಿಸಿಕೊಂಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಫೋಟೊ ಇದೆಯೇ? ಆದ್ದರಿಂದ ನೋಟಿಸ್ ಹಿಂದಕ್ಕೆ ತೆಗೆದುಕೊಳ್ಳಿ. ಫೋಟೊ ನಿಲ್ಲಿಸಿ. ಐದು ನಿಮಿಷ ಇರಲಿ. ಅದು ಯಾವಾಗ ಬೇಕೆಂದು ಅವರವರ ಸೊಂಟ ಹೇಳಲಿ.

ನೋಟಿಸಿನ ಸುದ್ದಿ ಕೇಳಿ ಮರುದಿನ ಬೆಳಿಗ್ಗೆ ಓಡಿ ಬಂದೆ. ಇನ್ನೂ ಹತ್ತೂಮುಕ್ಕಾಲು. ಸುಮಂಗಲಾ ಕುರ್ಚಿ ಬಿಟ್ಟು ಸೊಂಟಕ್ಕೆ ಕೈಕೊಟ್ಟು ನಿಂತರು. ಕವಿತಾ ಹಿಡಿದ ಸಾಲು ಮುಗಿಸಿ ಎದ್ದರು, ಕೃಷ್ಣ ಕಡತದ ಕಟ್ಟು ಕೆಳಗಿಟ್ಟ. ಮೊಬೈಲುಗಳನ್ನು ಒಳಗೇ ಬಿಟ್ಟು ಮೂವರೂ ಮರದ ಕೆಳಗೆ ಬಂದು, ದೂರದ ಗುಡ್ಡ ನೋಡಿದರು. ಮೇಲಿನ ಮಹಡಿಯ ನಿಮ್ಮ ಕೋಣೆಯ ಕಿಟಕಿಯಲ್ಲಿ ಇನ್ನೊಬ್ಬರು, ಸೊಂಟಕ್ಕೆ ಕೈಕೊಟ್ಟು, ಅದೇ ಗುಡ್ಡ ನೋಡುತ್ತಿದ್ದರು. ಯಾರೆಂದು ನಾನು ಯಾರಿಗೂ ಹೇಳಿಲ್ಲ.

ಇಂತಿ,
ಆ ನೋಟಿಸ್ ನಿಜಕ್ಕೂ ಯಾರ ಹೆಸರಿಗೆ ಬರಬೇಕಿತ್ತೋ ಆ ಕಥೆಗಾರ,
ಮಾರೆಪ್ಪ, ಸಿದ್ದಾಪುರ