ಕಾಡುಶುಂಠಿ ಬೋರ್ಡಿನ ಕೊನೇ ಸಾಲು ವಾಪಸ್ ಕೊಡಿ

ಸಸ್ಯೋದ್ಯಾನದ ದೊಡ್ಡ ಸಾಹೇಬರೇ,

ನಿಮ್ಮ ತೋಟದ ಒಂದು ಬೋರ್ಡು ನನ್ನ ಚಿಕ್ಕಮ್ಮನ ಪ್ರಾಣಕ್ಕೆ ಕುತ್ತಾಗಿದೆ. ಮಾನ್ಯರೇ ಗೀನ್ಯರೇ ಎಲ್ಲ ಆಮೇಲೆ.

ಗಾಜಿನ ಮನೆ ಪಕ್ಕದ ಕಾಡುಶುಂಠಿ ಗೊತ್ತಲ್ಲ? ಕೆಂಪು ಹೂಗೊಂಚಲು ಹಿಂಡಿದರೆ ಶಾಂಪೂ ಥರ ಲೋಳೆ ಬರುತ್ತದಲ್ಲ, ಅದೇ. ಅದರ ಮುಂದಿನ ಬೋರ್ಡು ಬರೆದವನು ನಾನು. ನಿಮ್ಮ ಆಫೀಸು ಬರೆಯಲು ಕೊಟ್ಟಿದ್ದು ಎರಡು ಸಾಲು. ‘ಇದರ ಗೆಡ್ಡೆಯ ಸತ್ವ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ’ ಅಂತ ಒಂದು. ‘ಇದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕಂಡದ್ದು, ಮನುಷ್ಯರಲ್ಲಿ ಸಾಬೀತಾಗಿಲ್ಲ’ ಅಂತ ಇನ್ನೊಂದು. ಮೊದಲನೆಯದು ಬರೆಯುತ್ತಿರುವಾಗಲೇ ನಿಮ್ಮ ಮೇಲ್ವಿಚಾರಕರು ಬಂದರು.

“ಅಕ್ಷರ ದಪ್ಪ ಮಾಡಪ್ಪಾ, ಗೇಟಿಂದಾನೇ ಕಾಣ್ಬೇಕು.”

“ಹಾಗ್ ಮಾಡಿದ್ರೆ ಕೆಳಗಿನ ಸಾಲಿಗೆ ಜಾಗ ಸಾಲಲ್ಲ ಸಾರ್.”

“ಬಿಟ್ಟಾಕು. ಅದನ್ಯಾರು ಓದ್ತಾರೆ!”

ನನ್ನ ಚಿಕ್ಕಮ್ಮ ಓದುತ್ತಿದ್ದಳು ಸಾರ್. ನನ್ನನ್ನು ಸಾಕಿದವಳು. ಎದೆಯಲ್ಲಿ ಗಂಟು. ಕೀಮೋ ಶುರುವಾಗಿತ್ತು, ಗಂಟು ಸಣ್ಣದಾಗುತ್ತಿದೆ ಅಂತ ಡಾಕ್ಟರೂ ಹೇಳಿದ್ದರು. ಆದರೆ ಕೂದಲು ಉದುರಿತು, ವಾಂತಿ ನಿಲ್ಲಲಿಲ್ಲ. ಅಷ್ಟರಲ್ಲಿ ನಿಮ್ಮ ದಪ್ಪ ಅಕ್ಷರ ಕಣ್ಣಿಗೆ ಬಿತ್ತು. ಈಗ ಆಸ್ಪತ್ರೆ ಬಿಟ್ಟು, ಗೆಡ್ಡೆ ಜಜ್ಜಿ ಕುದಿಸಿ ಕುಡಿಯುತ್ತಾ ಕೂತಿದ್ದಾಳೆ.

“ಚಿಕ್ಕಮ್ಮಾ, ಆ ಬೋರ್ಡು ಬರ್ದಿದ್ದೇ ನಾನು! ಅದ್ರಲ್ಲಿ ಒಂದು ಸಾಲು ಬಿಟ್ಟಿದ್ದಾರೆ!”

“ಬರ್ದೋನು ನೀನು, ಬರೆಸಿದೋರು ಓದಿದೋರು. ಏಳನೇ ಕ್ಲಾಸಲ್ಲೇ ಚೀಲ ಬಿಸಾಕಿ ಬಂದೋನು, ಅವರಿಗೆ ಬುದ್ಧಿ ಹೇಳೋಕ್ ಹೋಗ್ತೀಯೇನೋ?”

ಅದಕ್ಕೇ ಓದಿದವರಾದ ನಿಮಗೇ ಬರೆಯುತ್ತಿದ್ದೇನೆ.

ಗಿಡದ ಮೇಲೆ ನನಗೆ ಸಿಟ್ಟಿಲ್ಲ. ನಾಳೆ ಅದರಿಂದ ಒಳ್ಳೇ ಮಾತ್ರೆಯೇ ಬರಲಿ, ಹುಡುಕಿ, ಬೇಡ ಅಂದವರು ಯಾರು? ಆದರೆ ತಟ್ಟೆಯಲ್ಲಿ ಸತ್ತ ಕೋಶ ತೋರಿಸಿ ಬದುಕಿರುವ ಹೆಂಗಸಿಗೆ ಆಸೆ ಹುಟ್ಟಿಸಲು ನಿಮಗೆ ಯಾರು ಹೇಳಿದರು? ನಿನ್ನೆ ಬ್ರಷ್ ಹಿಡಿದು ಆ ಸಾಲು ಸೇರಿಸಲು ಬಂದೆ. ನಿಮ್ಮ ವಾಚ್‌ಮನ್ ಕತ್ತು ಹಿಡಿದು ದಬ್ಬಿದ. ಬೋರ್ಡು ಹಾಳು ಮಾಡುತ್ತೇನಂತೆ! ಅದನ್ನು ನೀವು ಆಗಲೇ ಮಾಡಿ ಮುಗಿಸಿದ್ದೀರಲ್ಲ ಸ್ವಾಮಿ.

ಸೋಮವಾರ ಅವಳ ಮುಂದಿನ ಕೀಮೋ. ಅದಕ್ಕೆ ಮುಂಚೆ ಬೋರ್ಡು ಸರಿಯಾಗಬೇಕು. ಅಷ್ಟೇ ಸಾಲದು. ನೀವು ನಮ್ಮ ಮನೆಗೆ ಬಂದು, ಅವಳ ಮಂಚದ ಪಕ್ಕ ಕೂತು, “ಅಮ್ಮಾ, ತಪ್ಪು ನಮ್ಮದು, ಆಸ್ಪತ್ರೆಗೆ ಹೋಗಿ” ಅಂತ ಬಾಯಿಬಿಟ್ಟು ಹೇಳಬೇಕು. ಬರದಿದ್ದರೆ ಅವಳನ್ನೇ ನಿಮ್ಮ ಕೋಣೆಗೆ ಕರೆತರುತ್ತೇನೆ. ಬೋಳು ತಲೆಯ ಹೆಂಗಸಿನ ಕತ್ತು ಹಿಡಿದು ದಬ್ಬುವ ಧೈರ್ಯ ಯಾರಿಗಿದೆಯೋ ನೋಡೇಬಿಡೋಣ.

ಇಂತಿ,
ಊರೆಲ್ಲ ತನ್ನ ಅಕ್ಷರ ನಂಬಿದರೂ ಮನೆಯಲ್ಲಿ ತನ್ನ ಮಾತು ನಡೆಯದ
ಬೋರ್ಡು ಬರೆಯುವವನು