ಕೊನೆಯ ಹೆಸರಿಗೆ ಸೊನ್ನೆ

ಮಾನ್ಯ ನೇಮಕಾತಿ ಸಮಿತಿಯ ಅಧ್ಯಕ್ಷರೇ,

ಒಂದೇ ಪ್ರಬಂಧಕ್ಕೆ ತಾವು ನನಗೆ ಸನ್ಮಾನವನ್ನೂ ಅದನ್ನು ನನ್ನೊಡನೆ ಬರೆದ ಕಿರಿಯ ಜೊತೆಗಾರ್ತಿಗೆ ಸೊನ್ನೆಯನ್ನೂ ದಯಪಾಲಿಸಿದ್ದೀರಿ. ಸನ್ಮಾನ ಬರುವ ಶುಕ್ರವಾರ. ಅವಳ ತಾತ್ಕಾಲಿಕ ಹುದ್ದೆ ಮುಗಿಯುವುದೂ ಅದೇ ದಿನ. ಈ ಅಚ್ಚುಕಟ್ಟಿಗೆ ಮೊದಲು ಅಭಿನಂದನೆ ಸಲ್ಲಿಸುತ್ತೇನೆ.

ಕಣ ಭೌತಶಾಸ್ತ್ರದ ಸಿದ್ಧಾಂತಗಳಲ್ಲಿ ತಲೆ ಕೆಡಿಸಿಕೊಳ್ಳುವ ನಮ್ಮಂಥವರಲ್ಲಿ ಒಂದು ಹಳೆಯ ರೂಢಿಯಿದೆ. ಪ್ರಬಂಧ ಬರೆದವರ ಹೆಸರುಗಳನ್ನು ಅಕಾರಾದಿಯಾಗಿ ಹಾಕುತ್ತೇವೆ. ಯಾರು ಹೆಚ್ಚು ದುಡಿದರು ಎಂದು ಜಗಳಾಡಲು ನಮಗೆ ಪುರುಸೊತ್ತಿಲ್ಲ, ಅಷ್ಟೇ. ತಮ್ಮ ಸಮಿತಿಯೋ, ಮೊದಲ ಹೆಸರಿಗೆ ಪೂರ್ತಿ ಅಂಕ, ಕೊನೆಯದಕ್ಕೆ ಸೊನ್ನೆ ಎಂದು ನಿಯಮ ಮಾಡಿಕೊಂಡು ಕೂತಿದೆ. ನನ್ನ ಹೆಸರು ಶುರುವಾಗುವುದು 'ಅ'ದಿಂದ. ಈ ಪ್ರತಿಭೆ ನನಗೆ ತೊಟ್ಟಿಲಲ್ಲೇ ಒಲಿದಿತ್ತು. ಅವಳದು 'ಹ'. ಏನೇ ಸಾಧಿಸಿದರೂ ಅವಳು ಕೊನೆಯವಳೇ.

ಆ ಪ್ರಬಂಧದ ಲೆಕ್ಕದ ಜೊತೆ ನಾನೂ ಇನ್ನೊಬ್ಬ ಹಿರಿಯ ಸಹಲೇಖಕರೂ ಎರಡು ವರ್ಷ ಗುದ್ದಾಡಿದ್ದೆವು. ಹೇಗೆ ಮಾಡಿದರೂ ಉತ್ತರ ಅನಂತ. ಇವಳು ಬಂದವಳೇ, ಸಣ್ಣದೆಂದು ನಾವು ಕೈಬಿಟ್ಟಿದ್ದ ಸಮೀಕರಣದ ಒಂದು ಪದವನ್ನು ಮತ್ತೆ ಸೇರಿಸಿದಳು. ಅನಂತಗಳು ಒಂದನ್ನೊಂದು ಹೊಡೆದುಹಾಕಿ, ಪ್ರಯೋಗಶಾಲೆಯಲ್ಲಿ ಅಳೆಯಬಹುದಾದ ಒಂದು ಸಂಖ್ಯೆ ಉಳಿಯಿತು. ಆ ಖುಷಿಯಲ್ಲಿ ನಾನು ಡಸ್ಟರನ್ನು ಕಾಫಿ ಲೋಟದೊಳಗೆ ಇಟ್ಟುಬಿಟ್ಟೆ.

ಕಾಯಂ ಹುದ್ದೆಗೆ ಅವಳ ಸಂದರ್ಶನ ನಡೆದ ದಿನ ವಿಭಾಗದ ಪರವಾಗಿ ನಾನೂ ಮೂಲೆಯ ಕುರ್ಚಿಯಲ್ಲಿದ್ದೆ, ಬಾಯಿ ಬಿಡುವ ಅಧಿಕಾರವಿಲ್ಲದೆ. ಲೆಕ್ಕ ತಾನೇ ಬಿಡಿಸಿದ್ದೆಂದು ಅವಳು ಹೇಳಿದಳು. ತಾವು ಕನ್ನಡಕ ಸರಿಮಾಡಿಕೊಂಡು, "ಇರಬಹುದಮ್ಮ. ಆದ್ರೆ ಕೊನೇಲಿರೋರಿಗೆ ಕೊಡೋಕೆ ನಮ್ಮ ಹತ್ರ ಅಂಕಾನೇ ಇಲ್ವಲ್ಲ" ಎಂದಿರಿ. ಮನೆಯಲ್ಲಿ ಅವಳ ಅಮ್ಮ ಈಗ ಹೆಸರನ್ನೇ ಬದಲಾಯಿಸಿಕೋ ಎನ್ನುತ್ತಿದ್ದಾರಂತೆ. "ನಗ್ಬೇಡಿ ಸರ್, ನಾನೂ ಯೋಚ್ನೆ ಮಾಡ್ತಿದೀನಿ" ಎಂದಳು. ನನಗೆ ನಗು ಬರಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು.

ಪ್ರಬಂಧವನ್ನು ಓದಿ ನೋಡುವುದು ಅಷ್ಟು ಕಷ್ಟವೇ? ಹೋಗಲಿ, ಓದಿದವರನ್ನು ಕೇಳಲು ಯಾವ ನಿಯಮ ಅಡ್ಡ ಬರುತ್ತದೆ? ಶುಕ್ರವಾರದೊಳಗೆ ಅವಳನ್ನು ಮತ್ತೆ ಕರೆಯಿರಿ. ಕೈಗೆ ಸೀಮೆಸುಣ್ಣ ಕೊಟ್ಟು ಹಲಗೆಯ ಮುಂದೆ ನಿಲ್ಲಿಸಿ, ಆಮೇಲೆ ಅಂಕ ಹಾಕಿ.

ಸನ್ಮಾನದ ಬಳಿಕ ನಾನು ಆ ಲೆಕ್ಕವನ್ನು ಸಭಿಕರಿಗೆ ಬಿಡಿಸಿ ಹೇಳಬೇಕೆಂದು ತಾವು ಬಯಸಿದ್ದೀರಿ. ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ ನಾನು ಕೇಳುವುದು ಅವಳನ್ನೇ. ಅವಳೀಗ ಪಕ್ಕದ ಕೋಣೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಳೆ.

ಇಂತಿ,
ಅಕಾರದ ಕೃಪೆಯಿಂದ ದೊಡ್ಡವನಾದ
ಒಬ್ಬ ಪ್ರಾಧ್ಯಾಪಕ