ಮೋಕ್ಷಾ ಗೇಟಿಗೆ ಬಂದದ್ದು

ಮೇ ೨೭, ಮಂಗಳವಾರ. ಎಲ್ಲೂರು

ಅಲ್ಲ, ನಿನ್ನೆ ಶಾಲೆಯ ಬಗ್ಗೆ ಬರೆದದ್ದು ಮುಗಿಯಲಿಲ್ಲ. ಮಕ್ಕಳು ಸಿಗದಿದ್ದರೆ ನಮ್ಮ ಕನ್ನಡ ಶಾಲೆ ಮುಚ್ಚುವುದು ಖಂಡಿತ. ಮಕ್ಕಳನ್ನು ಕೇಳಿಕೊಂಡು ಮೋಕ್ಷಾ ಇವತ್ತು ನಮ್ಮಲ್ಲಿಗೂ ಬಂದಳು. ಬೀಡಿ ಕಟ್ಟುವವಳ ಮಗಳು, ನಾನು ಕಲಿಸಿದವಳು, ಈಗ ಅಲ್ಲಿಯೇ ಟೀಚರ್.

“ಸರ್, ಒಂದನೇ ಕ್ಲಾಸಿಗೆ ಯಾರೂ ಇಲ್ಲ. ನಿಮ್ಮ ಮೊಮ್ಮಗಳನ್ನಾದರೂ ಕಳಿಸಿ.”

ಸೊಸೆ ಒಳಗಿನಿಂದಲೇ, “ಅವಳದ್ದು ಮಣಿಪಾಲದಲ್ಲಿ ಅಡ್ಮಿಶನ್ ಆಯ್ತಲ್ಲ ಮಾವ, ಇಂಗ್ಲಿಷ್ ಮೀಡಿಯಂ,” ಎಂದಳು.

ಮೋಕ್ಷಾ ನಕ್ಕಳು. “ನೀವೇ ಹೀಗಾದರೆ ಬೇರೆಯವರಿಗೆ ಎಂತ ಹೇಳುವುದು ಸರ್?”

ಎಜುಕೇಶನ್ ಈಸ್ ದ ಓನ್ಲಿ... ಓನ್ಲಿ ಎಂತದೋ, ಮರೆತಿದೆ. ಮೋಕ್ಷಾಳನ್ನು ಶಾಲೆಗೆ ಕಳಿಸಲು ಅವಳ ಅಮ್ಮನನ್ನು ಒಪ್ಪಿಸಿದ್ದು ಇದೇ ಮಾತಿನಿಂದ. ನನ್ನ ಹೆಂಡತಿ ಬೇಬಿ ಬದುಕಿದ್ದರೆ ಸೊಸೆಗೆ ಎದುರು ಹೇಳುತ್ತಿದ್ದಳು. ನಾನು ಚಹಾ ಕುಡಿದು ಹೋಗು ಎಂದೆ, ಅಷ್ಟೇ.

“ಬೇಡ ಸರ್, ಇನ್ನೂ ಮನೆಗಳು ಉಂಟು.”

ಬೆಳಕು ಹೋಗುತ್ತಿದೆ, ಅಕ್ಷರ ಕಾಣುವುದಿಲ್ಲ. ಅವಳು ಈಗ ಯಾರ ಗೇಟಿನ ಹೊರಗೆ ನಿಂತಿದ್ದಾಳೋ.